ಹಲ್ಲುಚಕ್ರಕ್ಕೆ ಸುತ್ತಿದ ಹಾರ

"ಏಯ್, ಮುಟ್ಟೊದ್ದು ರಾ! ದೇವ್ರು ಹೂವಿಗೆ ಕೈ ಇಕ್ತೀಯೇನ್ಲಾ, ಕೇರಿ ಸೂಳೆಮಗನೆ?"

ಸಾಹುಕಾರ ಗದರಿದೊಡನೆ ಜೋಗಪ್ಪ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡ. ಕಲ್ಯಾಣದುರ್ಗದ ಸಾಹುಕಾರ ಶಿವಯೋಗಪ್ಪನ ಎಣ್ಣೆ ಮಿಲ್ಲಿಗೆಂದು ಹೊಸ ಯಂತ್ರ ರೈಲಿನಲ್ಲಿ ಹಿಂದೂಪುರಕ್ಕೆ ಬಂದಿತ್ತು. ಗೂಡ್ಸ್ ಶೆಡ್ಡಿನ ಕೈಕ್ರೇನಿನಿಂದ ಅದನ್ನೆತ್ತಿ ಗಾಡಿಗಿಳಿಸಬೇಕು. ಮಠದ ಅಯ್ಯನವರು ಪೂಜೆ ಮಾಡಿ, ಕ್ರೇನಿನ ಹಲ್ಲುಚಕ್ರಕ್ಕೇ ದಪ್ಪನೆಯ ಚೆಂಡುಹೂವಿನ ಹಾರ ಸುತ್ತಿ, ಸಾಹುಕಾರನ ಬೀಗರ ಮನೆಗೆ ಫಲಾಹಾರಕ್ಕೆ ಹೋಗಿದ್ದರು.

ಹಿಡಿಕೆ ಬಿಟ್ಟರೂ ಭಾರ ಕೆಳಕ್ಕೆ ಜಾರದಂತೆ ಚಕ್ರದ ಹಲ್ಲಿಗೆ ಕೂತು ತಡೆಯುವ ಕಬ್ಬಿಣದ ನಾಲಿಗೆಯೊಂದಿದೆ. ಅದನ್ನು ನೋಡಿಕೊಳ್ಳುವುದೇ ಜೋಗಪ್ಪನ ಕೆಲಸ.

"ಹೂವ ಅಡ್ಡ ಐತೆ ಬುದ್ದಿ. ನಾಲ್ಗೆ ಕೂರಾಕಿಲ್ಲ."

"ನಿನ್ನ ನಾಲ್ಗೆ ಮದ್ಲು ಒಳಕ್ಕೆ ಇಟ್ಕ."

ನಾಲ್ವರು ಹಿಡಿಕೆ ತಿರುಗಿಸಿದರು. ಯಂತ್ರವನ್ನು ಗಾಡಿಯತ್ತ ನೂಕಲು ಕೆಳಗೆ ನಿಂತಿದ್ದವನು ಜೋಗಪ್ಪನ ತಮ್ಮ ಈರಲಿಂಗಪ್ಪ. ಯಂತ್ರ ಆಳೆತ್ತರಕ್ಕೆ ಹೋದ ಮೇಲೆ ನಾಲ್ವರೂ ಉಸಿರು ತೆಗೆದುಕೊಳ್ಳಲು ನಿಂತರು. ನಾಲಿಗೆ ಹೂವಿನ ಮೇಲೆ ಜಾರಿತು. ಹಿಡಿಕೆಗಳು ಕೈಯಿಂದ ಕಿತ್ತುಕೊಂಡು ಗಿರ್ರನೆ ತಿರುಗಿದವು. ಯಂತ್ರ ದಢಾರನೆ ಕೆಳಕ್ಕೆ ಬಿತ್ತು.

ಸಾಹುಕಾರ ಓಡಿ ಬಂದು ಯಂತ್ರದ ಮೈಯನ್ನೆಲ್ಲ ಸವರಿ ನೋಡಿದ, ಎಲ್ಲಾದರೂ ಬಿರುಕು ಬಿಟ್ಟಿದೆಯೇ ಎಂದು. ಅದರಡಿ ಈರಲಿಂಗಪ್ಪ ಸೊಂಟದವರೆಗೆ ಸಿಕ್ಕಿದ್ದ.

ಮತ್ತೆ ಎತ್ತಬೇಕಾದರೆ ಹಾರ ತೆಗೆಯಲೇಬೇಕೆಂದು ಜೋಗಪ್ಪ ಸಾಹುಕಾರನ ಕಾಲಿಗೆ ಬಿದ್ದ.

"ಅಯ್ನೋರು ಕಟ್ಟಿದ್ದು, ಅಯ್ನೋರೇ ಬಿಚ್ಬೇಕು. ಯೋಳ್ಕಳಿಸೀನಿ, ತಡ್ಕ."

"ಅಣ್ಣಾ, ಕಾಲು ಐತೇನೋ ನೋಡು."

"ಐತೆ ಕಣಪ್ಪಾ."

ಮಠದ ಜಗಲಿಯ ಕೆಳಗೆ ನಿಂತು ಪುರಾಣ ಕೇಳುತ್ತಲೇ ಬೆಳೆದವನು ಜೋಗಪ್ಪ. ಅಯ್ಯನವರು ಕಟ್ಟಿದ ಹೂವೆಂದರೆ ಅವನಿಗೂ ಶಿವನೇ. ಬಾಯಲ್ಲಿ ಶಿವಶಿವ ಎನ್ನುತ್ತ, ಕೈಕಟ್ಟಿಕೊಂಡು ಬೀದಿಯ ಕಡೆ ನೋಡಿದ. ಫಲಾಹಾರ ಮುಗಿದಿರಲಿಲ್ಲ. ತಮ್ಮ ನೀರು ಕೇಳಿದ. ಆಮೇಲೆ ಅವ್ವನನ್ನು ಕರೆದ. ಆಮೇಲೆ ಏನೂ ಕೇಳಲಿಲ್ಲ.

ಆಗ ಜೋಗಪ್ಪ ಹಾರ ಕಿತ್ತ. ಯಾರೂ ತಡೆಯಲಿಲ್ಲ. ನಾಲ್ವರೂ ಹಿಡಿಕೆ ತಿರುಗಿಸಿದರು. ಯಂತ್ರ ಮೇಲೆದ್ದಿತು. ನಾಲಿಗೆ ಟಕ್ಕೆಂದು ಹಲ್ಲಿಗೆ ಕೂತಿತು. ಹೆಣವನ್ನು ಗೋಣಿಯ ಮೇಲೆ ಮಲಗಿಸಿದರು.

ಸಾಹುಕಾರ ಮೂಗಿಗೆ ಶಲ್ಯ ಹಿಡಿದು, ಮೈಲಿಗೆಯನ್ನು ಆಮೇಲೆ ತೊಳೆಸೋಣ, ಮುಹೂರ್ತ ಮೀರುವುದರೊಳಗೆ ಗಾಡಿಗಿಳಿಸಿರೆಂದ. ಕೆಳಗೆ ಇನ್ನೊಬ್ಬ ನಿಲ್ಲಲಿ ಎಂದ.

ನಾಲ್ವರೂ ಹಿಡಿಕೆ ಬಿಟ್ಟು ದೂರ ಸರಿದರು. ಜೋಗಪ್ಪ ನಿಧಾನವಾಗಿ ಬಂದು, ಎಣ್ಣೆಮಸಿ ಹತ್ತಿದ ಹಾರವನ್ನು ಸಾಹುಕಾರನ ಕೊರಳಿಗೆ ಹಾಕಿದ.

"ಈ ಸಲ ನೀವೇ ನಿಂತ್ಕಳಿ ಬುದ್ದಿ," ಎಂದ. "ಹೂವ ಐತಲ್ಲ."

ಹಿಂದಿರುಗಿ ಹೋಗಿ ನಾಲಿಗೆಯ ಮೇಲೆ ಕೈಯಿಟ್ಟು ನಿಂತ. ಯಂತ್ರ ಮೇಲೆ ಸಣ್ಣಗೆ ತೂಗುತ್ತಿತ್ತು.