ಕೂತೇ ಮಲಗುವ ಅತ್ತೆ

ಎದೆ ತೆರೆದು ಹೃದಯದ ಕವಾಟ ಬದಲಿಸಿಕೊಂಡು ಭಾಲ್ಕಿಗೆ ಮರಳಿದ ನನ್ನ ಅತ್ತೆ ಈರಮ್ಮನಿಗೆ ಕೆಲವೇ ವಾರಗಳಲ್ಲಿ ಜ್ವರ ಶುರುವಾಯಿತು. ಮಲಗಿದರೆ ಎದೆಯಲ್ಲಿ ಚುಚ್ಚುತ್ತಿತ್ತು. ಎದ್ದು ಕೂತು ಮುಂದಕ್ಕೆ ಬಾಗಿದರೆ ನೋವು ತಗ್ಗುತ್ತಿತ್ತು. ಹಾಗಾಗಿ ಚಕ್ಕಳಮಕ್ಕಳ ಹಾಕಿ, ತಲೆ ತಗ್ಗಿಸಿ, ಕೂತಲ್ಲೇ ನಿದ್ದೆ ಮಾಡತೊಡಗಿದರು.

ಅದನ್ನು ಕಂಡರೆ ನನ್ನ ಗಂಡ ಅಮರನಾಥರ ಮುಖ ಬಿಳಿಚಿಕೊಳ್ಳುತ್ತಿತ್ತು. ನಮ್ಮಲ್ಲಿ ಸತ್ತವರನ್ನು ಮಲಗಿಸಿ ಹೂಳುವುದಿಲ್ಲ. ಕುಣಿಯೊಳಗೆ ಕೂಡಿಸಿ, ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಕೊಡುತ್ತೇವೆ. ಹೋದ ವರ್ಷ ಔರಾದದ ಹೊಲದಲ್ಲಿ ಮಾವ ಶಿವರಾಜಪ್ಪನವರನ್ನು ಹಾಗೆ ಕೂಡಿಸಿದವರು ಇವರೇ. ಅಂದಿನಿಂದ ಮಾವ ಇವರ ಕಣ್ಣ ಮುಂದಿನಿಂದ ಎದ್ದು ಹೋಗಿಲ್ಲ. ಅವ್ವ ಕೂತು ಕಣ್ಣು ಮುಚ್ಚಿದರೆ ಸಾಕು, ಓಡಿಬಂದು ಮಲಗಿಸುತ್ತಿದ್ದರು.

ಮಗ ಹೆದರುತ್ತಾನೆಂದು ಅತ್ತೆಯೂ ಹಲ್ಲು ಕಚ್ಚಿ ಮಲಗುತ್ತಿದ್ದರು. ತಾಯಿ ಮಗ ಇಬ್ಬರ ಮೇಲೂ ನನಗೆ ಮೈಯೆಲ್ಲ ಉರಿಯುತ್ತಿತ್ತು. ಆಸ್ಪತ್ರೆಗೆ ಹೋಗೋಣ ಅಂದರೆ, ಗಾಯ ಮಾಯುವಾಗ ನೋಯದೆ ಇರುತ್ತದೆಯೇ ಎಂದು ಇವರು ನನ್ನ ಬಾಯಿ ಮುಚ್ಚಿಸುತ್ತಿದ್ದರು.

ಒಂದು ಮಧ್ಯಾಹ್ನ ಹಾಗೆ ಮಲಗಿಸಿದ ಅತ್ತೆಗೆ ಉಸಿರೇ ಸಿಗದಾಯಿತು. ಬೀದರಿಗೆ ಒಯ್ದೆವು. ಡಾಕ್ಟರ್ ಬದರುನ್ನಿಸಾ ಎಕೋ ಮಾಡಿ ನೋಡಿದರು. ಆಪರೇಷನ್ ನಂತರ ಕೆಲವರಿಗೆ ಹೃದಯದ ಸುತ್ತಲಿನ ಪೊರೆಗೆ ಬಾವು ಬರುತ್ತದೆ, ಒಂದಿಷ್ಟು ನೀರೂ ತುಂಬಿದೆ ಎಂದರು. ಚುಚ್ಚಿ ತೆಗೆಯುವಷ್ಟಿಲ್ಲ, ಗುಳಿಗೆಗೆ ಇಳಿಯಬೇಕು. ನೀರು ಹೆಚ್ಚಿದರೆ ಮಾತ್ರ ಜೀವಕ್ಕೆ ಅಪಾಯ, ಅದಕ್ಕೇ ಇಲ್ಲೇ ಇರಲಿ ಎಂದರು. ನೋವು ಇಳಿಯುವವರೆಗೆ ಬಾಗಿ ಕೂತರೇ ಒಳ್ಳೆಯದಂತೆ.

"ಹಿಂಗ ಕೂಡಬಾರ್ದ್ರಿ ಮೇಡಂ." ಇವರು ಅವ್ವನ ಭುಜ ಹಿಡಿದರು. "ನಮ್ಮ ಅಪ್ಪಗ ಹಿಂಗೇ ಕೂಡಿಸಿ ಮಣ್ಣು ಹಾಕೀನ್ರಿ."

"ಅವ್ರು ಜೀವಾ ಉಳಿಸ್ಕೊಳ್ಳಲಾಕ ಬಾಗ್ಯಾರ್ರಿ," ಅಂದರು ಡಾಕ್ಟರ್. "ಮಲಗಸಬ್ಯಾಡ್ರಿ."

ಗುಳಿಗೆ ನುಂಗಿದ ಅತ್ತೆ ದಿಂಬು ಅಪ್ಪಿಕೊಂಡು ಬಾಗಿದರು. ಕಣ್ಣು ಮುಚ್ಚಿತು. ಇವರು ಎದ್ದು ನಿಂತರು. ಮತ್ತೆ ಮಲಗಿಸುತ್ತಾರೆಂದು ನಾನು ಅಡ್ಡ ಹೋದೆ. ಆದರೆ ಇವರು ಅವ್ವನ ಮುಖ ಕಾಣುವ ಹಾಗೆ ಮಂಚದ ಬಳಿ ನೆಲಕ್ಕೇ ಕೂತರು.

"ಯವ್ವಾ, ಸುಮ್ಮ ಕೂಡಬ್ಯಾಡ. ಏನರೆ ಮಾತಾಡು."

ಅತ್ತೆ ಕಣ್ಣು ತೆರೆಯದೆಯೇ, ಮದುವೆಯಾಗಿ ಮಾವನ ಜೊತೆ ಮೊದಲ ಸಲ ಔರಾದದ ಬಸ್ಸು ಹತ್ತಿದ್ದನ್ನು ಹೇಳತೊಡಗಿದರು. ಕಾಲಿಡಲು ಜಾಗವಿರಲಿಲ್ಲವಂತೆ. ಉಸಿರು ಸಾಲದೆ ಮಾತು ನಿಂತಿತು, ತಲೆ ಇನ್ನಷ್ಟು ಇಳಿಯಿತು.

"ಮುಂದ?" ಅಂದರು ಇವರು.

ಇವರು ಅವ್ವನ ಮೊಣಕಾಲು ಅಲುಗಿಸಿದರು.

"ಮುಂದ, ಯವ್ವಾ?"

"ಮುಂದೇನಪ್ಪಾ, ಒಂದ ಸೀಟ್ ಖಾಲಿ ಆತು. ನಿಮ್ಮಪ್ಪ ನನ್ನ ಕೈ ಹಿಡ್ದು, ಬಾ, ಕೂಡು ಅಂದ್ರು."

ಇವರು ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡರು. ಮುಂದೇನಾಯಿತೆಂದು ಕೇಳುವ ಧೈರ್ಯ ಇಬ್ಬರಿಗೂ ಬರಲಿಲ್ಲ.