ನಮ್ಮ ಲಾಯರನ್ನು ನಾವೇ ಹುಡುಕುತ್ತೇವೆ

ಬಾಡಿಗೆ ಮನೆ ಖಾಲಿ ಮಾಡಿ ಎಂದು ಮಾಲೀಕರು ಹೇಳಿದ್ದು ಇದು ಮೂರನೇ ಸಲ. ಜೋಗುಪಾಳ್ಯದಲ್ಲಿ ಬ್ಲೌಸ್ ಹೊಲಿಯುವ ಭಾಗ್ಯಲಕ್ಷ್ಮಿಗೆ ಮನೆ ಬದಲಾಯಿಸಿದಾಗಲೆಲ್ಲ ಅರ್ಧದಷ್ಟು ಗಿರಾಕಿಗಳು ಕೈಬಿಟ್ಟು ಹೋಗುತ್ತಿದ್ದರು. ಅದಕ್ಕೇ ಗಂಡ ಮುತ್ತುರಾಜ್ ಕೆ.ಆರ್. ಪುರದ ಹತ್ತಿರ ಎರಡು ಕೋಣೆಯ ಸ್ವಂತ ಮನೆ ಸಿಗುತ್ತದೆ ಎಂದಾಗ ಖುಷಿಗೆ ಅವಳಿಗೆ ಊಟವೇ ಸೇರಲಿಲ್ಲ.

ಮುತ್ತುರಾಜ್ ವೈರಿಂಗ್ ಕೆಲಸದವನು. ಮನೆ ತೋರಿಸಿದ್ದು ಬ್ರೋಕರ್ ಮುನಿರಾಜಪ್ಪ. ಅವನು ಮಾರಿಸುವ ಮನೆಗಳ ವೈರಿಂಗ್ ಎಲ್ಲ ಮುತ್ತುರಾಜನಿಗೇ ಬರುತ್ತಿತ್ತು.

"ಬುಧವಾರ ಅಗ್ರಿಮೆಂಟಿಗೆ ಸೈನ್ ಹಾಕ್ಬೇಕಂತೆ. ಮುನಿರಾಜಪ್ಪನವರ ಆಫೀಸಲ್ಲೇ ಲಾಯರ್ ಇರ್ತಾರೆ. ನಮಗೇನೂ ತಲೆನೋವಿಲ್ಲ" ಎಂದ ಮುತ್ತುರಾಜ್.

"ಅದು ಅವರ ಲಾಯರ್ ಅಲ್ವಾ? ನಮ್ಮ ಪರವಾಗಿ ಯಾರು ನೋಡ್ತಾರೆ?"

"ಎಂಟು ವರ್ಷದಿಂದ ಕೆಲಸ ಕೊಡ್ತಿರೋರು ಕಣೇ. ಅವರಿಗೆ ಬೇಜಾರಾದ್ರೆ ನನ್ನ ಗತಿ?"

"ಒಂದು ಮೀಟರ್ ಬಟ್ಟೆನೂ ಬಿಚ್ಚಿ ನೋಡ್ದೆ ತಗೊಳ್ಳಲ್ಲ ನಾನು. ಇದು ಮನೆ ಕಣ್ರೀ!"

ಮಾರನೆಯ ದಿನ ಪುಲಿಕೇಶಿನಗರದ ಗಿರಾಕಿ ಇಕ್ರಾ, ಸಲ್ವಾರಿಗೆ ಅಳತೆ ಕೊಡಲು ಬಂದಳು. ಅವಳೂ ಲಾಯರ್. "ನಾವು ತಗೊಳ್ಳೋ ಮನೆ ಕಾಗದ ನೀವೇ ನೋಡ್ಬಿಡಿ ಅಮ್ಮ" ಎಂದಳು ಭಾಗ್ಯಲಕ್ಷ್ಮಿ.

"ಇಲ್ಲ ಅಕ್ಕ, ನಾನು ಮಾಡೋದು ಪೊಲೀಸ್ ಕೇಸು, ಬೇಲು. ಹಲ್ಲಿನ ಡಾಕ್ಟರ್ ಹತ್ರ ಕಣ್ಣು ತೋರಿಸ್ತೀರಾ? ಆಸ್ತಿ ಕಾಗದ ನೋಡೋರೇ ಬೇರೆ. ಇಬ್ಬರು ಮೂವರನ್ನ ನೋಡಿ. ಇಂಥ ಕೆಲಸ ಎಷ್ಟು ವರ್ಷದಿಂದ ಮಾಡ್ತಿದ್ದೀರಿ, ಬಾರ್ ಕೌನ್ಸಿಲ್ ನಂಬರ್ ಏನು, ಫೀಸ್ ಎಷ್ಟು, ಅಭಿಪ್ರಾಯ ಬರೆದು ಕೊಡ್ತೀರಾ ಅಂತ ಕೇಳಿ. ಕೇಳಿದ್ದಕ್ಕೆ ಸಿಡುಕಿದ್ರೆ ಎದ್ದು ಬನ್ನಿ. ಮಾರೋರಿಗೋ ಬ್ರೋಕರಿಗೋ ಕೆಲಸ ಮಾಡೋ ಲಾಯರ್ ಮಾತ್ರ ಬೇಡವೇ ಬೇಡ."

ಭಾಗ್ಯಲಕ್ಷ್ಮಿ ಆಗಲೇ ಮುನಿರಾಜಪ್ಪನಿಗೆ ಫೋನ್ ಮಾಡಿ ಕಾಗದಗಳ ಕಾಪಿ ಕೇಳಿದಳು. ಅವನು ನಕ್ಕ.

"ನಂಬಿಕೆ ಇಲ್ವೇನಮ್ಮಾ? ಪೇಪರ್ ಎಲ್ಲ ನಿಮಗೆ ಅರ್ಥ ಆಗುತ್ತಾ?"

"ಅರ್ಥ ಆಗೋರಿಗೆ ತೋರಿಸ್ತೀನಿ ಅಣ್ಣ. ಕಾಪಿ ಬರ್ಲಿಲ್ಲ ಅಂದ್ರೆ ಬುಧವಾರ ನಾವೂ ಬರಲ್ಲ."

ಸಂಜೆಯೊಳಗೆ ವಾಟ್ಸಾಪಿಗೆ ಕಾಗದಗಳು ಬಂದವು.

ಮೊದಲು ನೋಡಿದ ಲಾಯರ್ ಕಾಗದಗಳಿದ್ದ ಅವಳ ಫೋನನ್ನು ಕೈಗೂ ತೆಗೆದುಕೊಳ್ಳದೆ "ಎಲ್ಲ ಸರಿಯಾಗೇ ಇರುತ್ತೆ ಬಿಡಿ" ಎಂದರು. ಭಾಗ್ಯಲಕ್ಷ್ಮಿ ಎದ್ದು ಬಂದಳು. ಎರಡನೆಯವರು ಸರ್ವಜ್ಞನಗರದಲ್ಲಿದ್ದ ಪ್ರತಿಭಾ, ಬೀದರ್ ಕಡೆಯವರು. ಫೀಸ್ ಮೊದಲೇ ಹೇಳಿದರು. ಒಂದೊಂದು ಪುಟವನ್ನೂ ಓದಿದರು.

"ಖಾತಾ, ಟ್ಯಾಕ್ಸ್ ರಸೀದಿ ಇದ್ರಷ್ಟಕ್ಕ ಯಾರೂ ಮಾಲೀಕರಾಗೂದಿಲ್ಲ ನೋಡ್ರಿ. ಇಸಿ ನಾ ತೆಗಸ್ತೀನಿ. ಈ ಆಸ್ತಿ ಮ್ಯಾಲೆ ಏನೇನು ರಿಜಿಸ್ಟರ್ ಆಗೇದ, ಅದ್ರಾಗ ಗೊತ್ತಾಗ್ತದ. ಆದ್ರ ಇಲ್ಲೊಂದು ಮಾತು ಅದ. ಮನಿ ಪಟಾಲಮ್ಮ ಅನ್ನೋರ ಹೆಸರಿಲೆ ಅದ. ಮುನಿರಾಜಪ್ಪ ಜಿಪಿಎ ಇಟ್ಕೊಂಡು ಮಾರ್ಲಿಕ್ಕತ್ಯಾನ. ಅಂದ್ರ, ನನ್ನ ಪರವಾಗಿ ಮಾರು ಅಂತ ಆಕಿ ಕೊಟ್ಟ ಪವರ್. ಪಟಾಲಮ್ಮ ಬದುಕ್ಯಾರೇನು?"

"ಗೊತ್ತಿಲ್ಲ ಮೇಡಂ."

"ಪವರ್ ಕೊಟ್ಟವರು ತೀರಿಕೊಂಡ್ರ ಸಾಮಾನ್ಯವಾಗಿ ಪವರ್ರೂ ಅಲ್ಲಿಗೇ ಮುಗೀತು. ಆಮ್ಯಾಲೆ ವಾರಸುದಾರರೆಲ್ಲ ಸಹಿ ಹಾಕಬೇಕು. ಹೆಣ್ಣುಮಕ್ಕಳೂ ಹಾಕಬೇಕು. ಹೋಗಿ ವಿಚಾರಿಸ್ರಿ."

ಮಂಗಳವಾರ ಭಾಗ್ಯಲಕ್ಷ್ಮಿ ಗಂಡನನ್ನು ಎಳೆದುಕೊಂಡೇ ಆ ಬೀದಿಗೆ ಹೋದಳು. ಮನೆಗೆ ಬೀಗ. ಅಕ್ಕಪಕ್ಕದವರು ಮುಂದಿನ ತಿರುವಿನಲ್ಲಿ ಹೂ ಕಟ್ಟುತ್ತಿದ್ದ ಹೆಂಗಸನ್ನು ತೋರಿಸಿದರು. ಅವಳ ಹೆಸರು ಮಾನಮ್ಮ.

"ಪಟಾಲಮ್ಮ ನಮ್ಮಮ್ಮ. ತೀರಿಹೋಗಿ ಎರಡು ವರ್ಷ ಆಯ್ತು. ಯಾಕಮ್ಮ?"

"ಮನೆ ಮಾರ್ತಿದ್ದಾರಲ್ಲ, ಅದಕ್ಕೆ ವಿಚಾರಿಸೋಣ ಅಂತ."

ಮಾನಮ್ಮನ ಕೈಯಲ್ಲಿದ್ದ ದಾರ ನಿಂತಿತು. "ಯಾರು ಮಾರ್ತಿರೋದು? ನಾನು ಯಾವುದಕ್ಕೂ ಸೈನ್ ಹಾಕಿಲ್ಲ. ಬಾಡಿಗೆಗೆ ಕೊಡಿಸ್ತೀನಿ ಅಂತ ಆ ಮುನಿರಾಜಪ್ಪ ಕೀ ಇಸ್ಕೊಂಡು ಹೋದ. ಅಮ್ಮ ಕಾಯಿಲೆ ಬಿದ್ದಿದ್ದಾಗ ಟ್ಯಾಕ್ಸ್ ಕಟ್ಟೋಕೆ ಅಂತ ಹೇಳಿ ಎಲ್ಲಿಗೋ ಕರ್ಕೊಂಡು ಹೋಗಿ ಹೆಬ್ಬೆಟ್ಟು ಒತ್ತಿಸ್ಕೊಂಡಿದ್ದ." ಹೂವನ್ನು ಪಕ್ಕಕ್ಕಿಟ್ಟು ಹೇಳಿದಳು: "ನೀವು ತಗೊಂಡುಬಿಟ್ಟಿದ್ರೆ ನಾನು ನಿಮ್ಮ ಮೇಲೇ ಕೋರ್ಟಿಗೆ ಹೋಗ್ಬೇಕಾಗ್ತಿತ್ತು ತಾಯಿ."

ಬಸ್ಸಿನಲ್ಲಿ ಬರುವಾಗ ಮುತ್ತುರಾಜ್ ತಲೆ ಎತ್ತಲಿಲ್ಲ. "ಹೋದ ತಿಂಗಳು ಆ ಮನೆಗೆ ಹೊಸ ಸ್ವಿಚ್ ಹಾಕಿದ್ದು ನಾನೇ. ಯಾರ ಮನೆ ಅಂತ ಒಂದು ಮಾತೂ ಕೇಳ್ಲಿಲ್ಲ ನೋಡು" ಎಂದಷ್ಟೇ ಹೇಳಿದ.

ಬುಧವಾರ ಇಬ್ಬರೂ ಮುನಿರಾಜಪ್ಪನ ಆಫೀಸಿಗೆ ಹೋದರು. ಅಲ್ಲಿ ಇನ್ನೊಂದು ಜೋಡಿ ಬೇರೊಂದು ಸೈಟಿನ ಕಾಗದಕ್ಕೆ ಸಹಿ ಹಾಕಲು ಕಾದಿತ್ತು. ಗುರುಶಾಂತಪ್ಪ ಮತ್ತು ಅವನ ಹೆಂಡತಿ. ಮೂಲೆಯ ಕುರ್ಚಿಯಲ್ಲಿ ಮುನಿರಾಜಪ್ಪನ ಲಾಯರ್ ಕೂತಿದ್ದ.

"ಬನ್ನಿ ಬನ್ನಿ, ಇಲ್ಲೊಂದು ಸೈನ್ ಹಾಕಿ" ಎಂದು ಮುನಿರಾಜಪ್ಪ ಅಗ್ರಿಮೆಂಟನ್ನು ಮುಂದೆ ತಳ್ಳಿದ.

ಭಾಗ್ಯಲಕ್ಷ್ಮಿ ಕೂರಲಿಲ್ಲ. "ಪಟಾಲಮ್ಮ ಎಲ್ಲಿದ್ದಾರೆ ಅಣ್ಣ?"

"ಊರಲ್ಲಿದ್ದಾರೆ. ವಯಸ್ಸಾಗಿದೆ, ಓಡಾಡಕ್ಕಾಗಲ್ಲ."

"ಎರಡು ವರ್ಷದ ಹಿಂದೆ ತೀರಿಹೋದೋರು ಯಾವ ಊರಲ್ಲಿರ್ತಾರೆ? ಮಗಳು ಮಾನಮ್ಮನ್ನ ಮಾತಾಡ್ಸಿಕೊಂಡೇ ಬಂದಿದ್ದೀವಿ. ನಾವು ಸೈನ್ ಹಾಕಲ್ಲ."

ಲಾಯರ್ ಫೋನ್ ನೋಡತೊಡಗಿದ. ಮುನಿರಾಜಪ್ಪನ ಮುಖ ಕೆಂಪಾಯಿತು. ಅವಳನ್ನು ಬಿಟ್ಟು ಗಂಡನ ಕಡೆ ತಿರುಗಿದ. "ಮುತ್ತುರಾಜ, ಹೆಂಡ್ತಿ ಮಾತು ಕೇಳ್ಕೊಂಡು ಎದ್ದು ಹೋದ್ರೆ ನಾಳೆಯಿಂದ ನಿನಗೆ ಕೆಲಸ ಇಲ್ಲ."

ಮುತ್ತುರಾಜ್ ಕೈ ಚಾಚಿದ.

"ಕೆಲಸ ನೀವೇ ಇಟ್ಕೊಳ್ಳಿ. ಆ ಮನೆ ಕೀ ಕೊಡಿ. ಮಾನಮ್ಮನಿಗೆ ತಲುಪಿಸ್ಬೇಕು."

"ಕೊಡಲ್ಲ ಅಂದ್ರೆ?"

"ಕೊಡಲ್ಲ ಅಂದ್ರೆ ಮಾನಮ್ಮ ಲಾಯರನ್ನ ಕರ್ಕೊಂಡು ಬರ್ತಾರೆ. ಸಾಕ್ಷಿ ಹೇಳೋಕೆ ನಾನೂ ಬರ್ತೀನಿ."

ಹೊರಡುವ ಮುಂಚೆ ಭಾಗ್ಯಲಕ್ಷ್ಮಿ ಗುರುಶಾಂತಪ್ಪನ ಮುಂದೆ ನಿಂತಳು. "ಅಣ್ಣ, ನಿಮ್ಮ ಲಾಯರ್ ಯಾರು?"

ಅವನು ಮೂಲೆಯ ಕುರ್ಚಿ ತೋರಿಸಿದ. "ಇವ್ರೇ ಅಲ್ರೀ?"

"ಅವರು ಇವರ ಲಾಯರ್. ನಿಮ್ಮೋರು ಯಾರು?"

ಗುರುಶಾಂತಪ್ಪ ಹೆಂಡತಿಯ ಮುಖ ನೋಡಿದ. ಅವಳು ಆಗಲೇ ಬ್ಯಾಗು ಹೆಗಲಿಗೇರಿಸಿ ಎದ್ದಿದ್ದಳು.

ಆಮೇಲೆ ಎರಡು ತಿಂಗಳು ಮುತ್ತುರಾಜನಿಗೆ ಸರಿಯಾದ ಕೆಲಸ ಸಿಗಲಿಲ್ಲ. ಈಗ ಇಂದಿರಾನಗರದಲ್ಲಿ ಸಿಕ್ಕಿದೆ. ಮಾನಮ್ಮ ಲಾಯರಿಂದ ನೋಟಿಸ್ ಕಳಿಸಿದ ಮೇಲೆ ಮುನಿರಾಜಪ್ಪ ಕೀ ವಾಪಸ್ ಕೊಟ್ಟಿದ್ದಾನೆ. ಭಾಗ್ಯಲಕ್ಷ್ಮಿ, ಮುತ್ತುರಾಜ್ ಇನ್ನೂ ಬಾಡಿಗೆ ಮನೆಯಲ್ಲೇ ಇದ್ದಾರೆ, ಸ್ವಂತ ಮನೆ ಹುಡುಕುತ್ತಲೇ ಇದ್ದಾರೆ. ಈ ಸಲ ಕಾಗದ ಕೇಳುವುದಕ್ಕೆ ಗಂಡನೇ ಮುಂದೆ.

ಮನೆಯೋ ಸೈಟೋ ತೆಗೆದುಕೊಳ್ಳಲು ಹೊರಟಿರುವ ಅಕ್ಕ, ಅಣ್ಣ, ಈ ಮಾತು ನಿಮಗೆ. ಅಗ್ರಿಮೆಂಟಿಗೆ ಮುಂಚೆಯೇ ಕಾಗದಗಳನ್ನು ಕೇಳಿ ಪಡೆಯಿರಿ. ನಿಮ್ಮ ಲಾಯರನ್ನು ನೀವೇ ಆರಿಸಿ. ಫೀಸ್ ಕೊಡಲು ಆಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ, ಹೆಂಗಸರಿಗೆ ಅಲ್ಲಿ ಉಚಿತ ನೆರವು ಉಂಟು. ಆಸ್ತಿ ಇರುವ ಬೀದಿಗೆ ಹೋಗಿ ನಾಲ್ಕು ಜನರ ಹತ್ತಿರ ಮಾತಾಡಿ. "ಇವತ್ತೇ ಸೈನ್ ಹಾಕಿ" ಎಂದು ಅವಸರ ಮಾಡಿದರೆ, ಗದರಿಸಿದರೆ, ಹೆದರಬೇಡಿ. ಪೆನ್ನು ನಿಮ್ಮ ಕೈಯಲ್ಲಿದೆ. ಅದನ್ನು ಕೆಳಗಿಟ್ಟು ಎದ್ದು ಬರುವ ಹಕ್ಕೂ ನಿಮ್ಮದೇ.