ಹದಿನಾಲ್ಕು ದಿನದ ಎಲುಬು

ರಾಣೆಬೆನ್ನೂರಿನ ಕಾಲೇಜಿನಲ್ಲಿ ಇನ್‌ಕ್ಯುಬೇಟರ್ ಕೈಕೊಟ್ಟಾಗ ಹುಮಾಳ ಎಲುಬಿಗೆ ಹತ್ತು ದಿನ ತುಂಬಿತ್ತು. ಎಲುಬು ಅಂದರೆ ಎಲುಬಲ್ಲ, ಹುಣಸೆಬೀಜದಷ್ಟು ದೊಡ್ಡ, ಜಾಳುಜಾಳಾದ ಒಂದು ಹಂದರ. ರಕ್ತದಲ್ಲಿರುವಂಥ ಲವಣಗಳನ್ನು ಬೆರೆಸಿದ ನೀರಿನಲ್ಲಿ ಅದನ್ನು ಮುಳುಗಿಸಿ ಹದಿನಾಲ್ಕು ದಿನ ಮೈಬಿಸಿಯಲ್ಲಿಟ್ಟರೆ, ಎಲುಬಿನಲ್ಲಿ ಕಟ್ಟುವಂಥದೇ ಖನಿಜದ ಪದರ ಅದರ ಮೇಲೆ ಬೆಳೆಯಬೇಕು. ಬೆಳೆದರೆ ಹುಮಾ ಎಂ.ಎಸ್ಸಿ. ಪಾಸು. ಇಲ್ಲದಿದ್ದರೆ ಇನ್ನೊಂದು ವರ್ಷ. ರಿಪೇರಿಯವನು ಹಾವೇರಿಯಿಂದ ಬರಲು ವಾರ ಬೇಕೆಂದ, ಮಹಾರಾಯ.

ಹಂದರ ಮುಳುಗಿಸಿದ್ದ ಬಾಟಲಿಯನ್ನು ಬಿಸಿನೀರಿನ ಡಬ್ಬಿಯಲ್ಲಿಟ್ಟುಕೊಂಡು ಬ್ಯಾಡಗಿಯ ಮನೆಗೆ ಬಂದು ಅಳುತ್ತ ಕೂತವಳನ್ನು ಅಜ್ಜಿ ತಾಜಬಿ ವಿಚಾರಿಸಿದಳು.

“ಎಷ್ಟ ಬಿಸಿ ಬೇಕ ಅದಕ್ಕ?”

“ನಮ್ಮ ಮೈಯಷ್ಟು, ದಾದಿಮಾ.”

“ಹಂಗಾದ್ರ ಅಳೂದ್ಯಾಕ? ನನಗ ಮೈ ಇಲ್ಲೇನು?”

ಅಂದವಳೇ ಬಾಟಲಿಯನ್ನು ಹೊಟ್ಟೆಗೆ ಕಟ್ಟಿಕೊಂಡಳು. ಮರುದಿನದಿಂದ ಸೊಂಟದ ಮೇಲೆ ಕೈಯಿಟ್ಟೇ ನಡೆದಳು. ಪಕ್ಕದ ಮನೆಯ ಸಕೀನಾಬಿ ಮಾವಿನಕಾಯಿ ತಂದುಕೊಟ್ಟು, ಕೊಡ ಎತ್ತಬೇಡ ಎಂದು ಗದರಿಹೋದಳು. ಮೆಣಸಿನಕಾಯಿ ಘಾಟಿಗೆ ಸೀನು ಬಂದು ಪದರ ಉದುರೀತೆಂದು ತಾಜಬಿ ಕಿಟಕಿಗಳನ್ನೆಲ್ಲ ಮುಚ್ಚಿಸಿದಳು. ನಿದ್ದೆಯಲ್ಲೂ ಮಗ್ಗಲು ಬದಲಿಸಲಿಲ್ಲ. ಹುಮಾಳಿಗೆ ನಗುವೂ ಬರುತ್ತಿತ್ತು, ದುವಾ ಮಾಡುವುದೂ ತಪ್ಪಲಿಲ್ಲ.

ಹದಿನಾಲ್ಕನೆಯ ದಿನ ಬಾಟಲಿ ಬಿಚ್ಚಿಕೊಡಲು ತಾಜಬಿ ಸುತಾರಾಂ ಒಪ್ಪಲಿಲ್ಲ. ದಾರಿಯಲ್ಲಿ ಥಂಡಿ ಹಿಡಿದರೆ ಯಾರು ಜವಾಬ್ದಾರಿ? ತಾನೇ ಬಸ್ಸು ಹತ್ತಿದಳು. ಎಪ್ಪತ್ತು ದಾಟಿದವಳ ಹೊಟ್ಟೆ ನೋಡಿ ಒಬ್ಬ ಹೆಂಗಸು ದಡಬಡಿಸಿ ಎದ್ದು ಸೀಟು ಬಿಟ್ಟಳು.

ಲ್ಯಾಬಿನಲ್ಲಿ ಹುಮಾಳ ಗೈಡ್ ಮನೋಹರ ಸರ್ ಹಂದರವನ್ನು ಚಿಮಟದಿಂದ ಎತ್ತಿದರು. ಬೆಳ್ಳಗೆ, ದಪ್ಪಗೆ ಪದರ ಕಟ್ಟಿತ್ತು.

“ಇಷ್ಟ ದಪ್ಪ ನಾ ನೋಡೇ ಇಲ್ಲ!” ಎಂದು ಸಹಿ ಹಾಕಲು ಪೆನ್ನು ತೆಗೆದರು.

ತಾಜಬಿಗೆ ತಡೆಯಲಾಗಲಿಲ್ಲ. “ದಪ್ಪ ಆಗದ ಏನ್ರೀ ಸರ? ಬಾಟ್ಲ್ಯಾಗ ನೀರ ಕಮ್ಮಿ ಆಗಿತ್ರಿ. ಉಪವಾಸ ಇಡಾಕ ಮನಸ ಬರಲಿಲ್ಲ. ದಿನಾ ಎರಡ ಸಲ ನಮ್ಮ ಬೋರಿನ ನೀರ ಹಾಕೇನ್ರಿ.”

ಬೋರಿನ ನೀರು! ಆ ನೀರು ಕಾಸುವ ಹಂಡೆಯನ್ನು ತಿಕ್ಕಿ ತಿಕ್ಕಿ ಸಾಕಾಗಿದ್ದವಳು ಹುಮಾ. ಬೆಳೆದಿದ್ದು ಎಲುಬಿನ ಪದರವಲ್ಲ, ಹಂಡೆಗೆ ಕಟ್ಟುವ ಸುಣ್ಣ. ಸರ್ ಅವರ ಪೆನ್ನು ನಿಂತಿತು.

“ಅಜ್ಜಿ ಹೇಳೂದು ಖರೇ ಏನು, ಹುಮಾ?”

ಅಜ್ಜಿಗೆ ವಯಸ್ಸಾಗಿದೆ, ಏನೇನೋ ಬಡಬಡಿಸುತ್ತಾಳೆ ಎಂದರೆ ಸಾಕಿತ್ತು. ಸರ್ ಕೂಡ ಆ ಮಾತಿಗೇ ಕಾಯುತ್ತಿದ್ದಂತಿತ್ತು. ತಾಜಬಿ ಮಾತ್ರ ಶಾಭಾಸ್‌ಗಿರಿಗೆ ಮೊಮ್ಮಗಳ ಮುಖವನ್ನೇ ನೋಡುತ್ತಿದ್ದಳು. ಕಿರುಚಬೇಕೆನ್ನುವಷ್ಟು ಸಿಟ್ಟು ಬಂದಿತ್ತು ಹುಮಾಳಿಗೆ.

“ಖರೇ ಐತ್ರಿ ಸರ್,” ಎಂದಳು.

ಪೆನ್ನು ಜೇಬಿಗೆ ಹೋಯಿತು. ಬಸ್‌ಸ್ಟ್ಯಾಂಡ್ ಮುಟ್ಟಿದ ಮೇಲೆ ತಾಜಬಿ ಮೊಮ್ಮಗಳ ಕೈ ಹಿಡಿದು ನಿಲ್ಲಿಸಿದಳು.

“ಮುದುಕಿಗೆ ಅರಳುಮರಳು ಅಂದಿದ್ರ ಪಾಸಾಗ್ತಿದ್ದಿ, ಹೌದಿಲ್ಲೋ?”

“ಹೌದು.”

“ಮತ್ಯಾಕ ಅನ್ನಲಿಲ್ಲ?”

“ನಾಕ ದಿನ ನೀ ಸೀನಲಿಲ್ಲ, ಹೊಳ್ಳಿ ಮಲಗಲಿಲ್ಲ. ಅಂಥಾಕಿಗೆ ಎಲ್ಲಾರ ಮುಂದ ಹುಚ್ಚಿ ಅನ್ನಲೇನು?”

“ಅನ್ನಬೇಕಾಗಿತ್ತು ಬೇಟಾ,” ಎಂದ ತಾಜಬಿ, ಜನ ನೋಡುತ್ತಿದ್ದರೂ ಲೆಕ್ಕಿಸದೆ ಗೋಳೋ ಎಂದು ಅತ್ತಳು.